ಸರ್ವರ್ ಗಣಕಕ್ಕೆ ಎರಡು ವೈರುಗಳೇಕೆ?

ಕಳೆದ ಬೇಸಗೆಯಲ್ಲಿ ಮೈಸೂರಿನ ಒಂದು ವಿದ್ಯಾಸಂಸ್ಥೆಯ ಗಣಕದ ಕೊಠಡಿಯನ್ನು ನೋಡುವ ಸಂದರ್ಭ ನಮಗೆ ಒದಗಿತು. ವಿದ್ಯಾರ್ಥಿಗಳ ಪ್ರವೇಶ, ಶುಲ್ಕ, ಹಾಜರಿ, ಅಂಕಪಟ್ಟಿ ಇವೆಲ್ಲದರ ಲೆಕ್ಕವನ್ನು ಕಾಪಾಡುತ್ತಿದ್ದ ಸರ್ವರ್ ಯಂತ್ರವು ಹಿಂದಿನ ದಿನ ಸಂಜೆ ಇದ್ದಕ್ಕಿದ್ದಂತೆ ನಿಂತುಹೋಗಿ, ಅರ್ಧ ಬರೆದಿದ್ದ ಕಡತಗಳು ಕೆಟ್ಟಿದ್ದುವು. ಯಂತ್ರದಲ್ಲಿ ದೋಷವೇನೂ ಇರಲಿಲ್ಲ. ಅದರ ಬೆನ್ನಿನಿಂದ ಹೊರಟ ಎರಡು ವೈರುಗಳೂ ನೆಲದ ಮೇಲಿದ್ದ ಒಂದೇ ಎಕ್ಸ್‌ಟೆನ್ಷನ್ ಬೋರ್ಡಿಗೆ ಸೇರಿದ್ದುವು. ಆ ಬೋರ್ಡು ಗೋಡೆಯಲ್ಲಿದ್ದ 6 ಆಂಪಿಯರಿನ ಒಂದು ಸಾಕೆಟ್ಟಿಗೆ ಸೇರಿತ್ತು. ಕಾಫಿಗೆ ನೀರು ಕಾಯಿಸುವ ಕೆಟಲಿನ ಪ್ಲಗ್ಗೂ ಅದೇ ಬೋರ್ಡಿನಲ್ಲಿತ್ತು. ಗೋಡೆಯ ಸಾಕೆಟ್ಟು ಕಂದುಬಣ್ಣಕ್ಕೆ ತಿರುಗಿ, ಸುಟ್ಟ ವಾಸನೆ ಇನ್ನೂ ಉಳಿದಿತ್ತು.

“ಎರಡು ವೈರು ಇದಾವಲ್ಲ ಸಾರ್, ಒಂದು ಹೋದರೆ ಇನ್ನೊಂದು ಇರುತ್ತೆ ಅಂತ ಧೈರ್ಯವಾಗಿದ್ದೆವು” ಎಂದರು ಅಲ್ಲಿಯ ಸಹಾಯಕರು. ಮಾತಿನ ಕೊನೆಯಲ್ಲಿ ಅವರು ಮತ್ತೊಂದು ಸಂಗತಿಯನ್ನೂ ಹೇಳಿದರು: ಕೆಲವು ತಿಂಗಳುಗಳಿಂದ ಆ ಯಂತ್ರದ ಕಬ್ಬಿಣದ ಚೌಕಟ್ಟನ್ನು ಮುಟ್ಟಿದರೆ ಕೈ ಜುಮ್ಮೆನ್ನುತ್ತಿತ್ತಂತೆ.

ಹೀಗೆ ಒಂದೇ ಕೊಠಡಿಯಲ್ಲಿ ನಮಗೆ ಮೂರು ಪ್ರಶ್ನೆಗಳು ಎದುರಾದುವು. ಎರಡು ವೈರುಗಳಿದ್ದರೂ ಯಂತ್ರವೇಕೆ ನಿಂತಿತು? ಎಂ.ಸಿ.ಬಿ. ಸುಮ್ಮನಿರುವಾಗಲೇ ಸಾಕೆಟ್ಟು ಏಕೆ ಸುಟ್ಟಿತು? ಚೌಕಟ್ಟು ಏಕೆ ಜುಮ್ಮೆನ್ನುತ್ತಿತ್ತು? ಮೂರಕ್ಕೂ ಉತ್ತರಗಳು ಪ್ರೌಢಶಾಲೆಯ ಭೌತಶಾಸ್ತ್ರದಲ್ಲಿಯೇ ದೊರೆಯುತ್ತವೆ. ಅವುಗಳನ್ನು ಒಂದೊಂದಾಗಿ ವಿಚಾರಿಸೋಣ.

ದೀಪವೂ ಗಣಕವೂ

ಮೈಸೂರಿನವರಿಗೆ ವಿದ್ಯುತ್ತು ಹೊಸದಲ್ಲ. ಕಾವೇರಿಯ ಶಿವನಸಮುದ್ರದಲ್ಲಿ 1902ರಲ್ಲಿ ವಿದ್ಯುಚ್ಛಕ್ತಿಯ ಉತ್ಪಾದನೆ ಆರಂಭವಾಗಿ, ಅದು ಮೊದಲಿಗೆ ಸುಮಾರು 147 ಕಿಲೋಮೀಟರ್ ದೂರದ ಕೋಲಾರದ ಚಿನ್ನದ ಗಣಿಗಳಿಗೆ ಹರಿಯಿತು. 1905ರಲ್ಲಿ ಬೆಂಗಳೂರಿಗೂ 1908ರಲ್ಲಿ ಮೈಸೂರು ನಗರಕ್ಕೂ ವಿದ್ಯುದ್ದೀಪಗಳು ಬಂದುವು. ಇಂದು ದಸರೆಯ ಇರುಳಿನಲ್ಲಿ ಅರಮನೆಯ ಮೇಲೆ ಸುಮಾರು ಒಂದು ಲಕ್ಷ ದೀಪಗಳು ಬೆಳಗುತ್ತವೆ. ಅವುಗಳಲ್ಲಿ ಒಂದು ಆರಿದರೆ ನೋಡುವವರಿಗೆ ತಿಳಿಯುವುದೂ ಇಲ್ಲ. ಎಲ್ಲವೂ ಒಂದು ಕ್ಷಣ ಆರಿ ಮತ್ತೆ ಹೊತ್ತಿದರೂ ನಷ್ಟವೇನಿಲ್ಲ. ದೀಪಕ್ಕೆ ನೆನಪಿನಲ್ಲಿ ಇಟ್ಟುಕೊಳ್ಳಬೇಕಾದುದು ಏನೂ ಇಲ್ಲ.

ಗಣಕದ ರೀತಿ ಬೇರೆ. ಅನೇಕ ಗಣಕಗಳು ಕೇಳಿದ ಮಾಹಿತಿಯನ್ನು ಹಗಲಿರುಳೂ ಒದಗಿಸುತ್ತಿರುವ ಯಂತ್ರವೇ ಸರ್ವರ್. ಗೋಡೆಯಿಂದ ಬರುವ 230 ವೋಲ್ಟಿನ ಪರ್ಯಾಯ ಪ್ರವಾಹವನ್ನು ಅದರೊಳಗಿನ ಪವರ್ ಸಪ್ಲೈ ಎಂಬ ಪೆಟ್ಟಿಗೆಯು ಸಾಮಾನ್ಯವಾಗಿ 12 ವೋಲ್ಟಿನ ಏಕಮುಖ ಪ್ರವಾಹವಾಗಿ ಮಾರ್ಪಡಿಸುತ್ತದೆ. ಹೊರಗಿನ ವಿದ್ಯುತ್ತು ತಪ್ಪಿದಾಗ, ಈ ಪೆಟ್ಟಿಗೆಯ ಕಂಡೆನ್ಸರಿನಲ್ಲಿ ಸಂಗ್ರಹವಾಗಿರುವ ಶಕ್ತಿಯು ಯಂತ್ರವನ್ನು ನಡೆಸುವುದು ಒಂದು ಸೆಕೆಂಡಿನ ಐವತ್ತನೆಯ ಒಂದು ಭಾಗದಷ್ಟು ಕಾಲ ಮಾತ್ರ. ಅಂದರೆ ನಮ್ಮ ಪರ್ಯಾಯ ಪ್ರವಾಹದ ಒಂದು ಆವರ್ತದ ಕಾಲ. ಅಷ್ಟರೊಳಗೆ ಬೇರೆ ದಾರಿಯಿಂದ ವಿದ್ಯುತ್ತು ಬಾರದಿದ್ದರೆ ಯಂತ್ರವು ಬರೆಯುತ್ತಿದ್ದ ಅಕ್ಷರವನ್ನು ಅಲ್ಲಿಯೇ ಬಿಟ್ಟು ನಿಲ್ಲುತ್ತದೆ. ಈ ಕಾರಣದಿಂದಲೇ ಸರ್ವರುಗಳಿಗೆ ಎರಡು ಪವರ್ ಸಪ್ಲೈಗಳನ್ನೂ ಅವುಗಳಿಗೆ ಎರಡು ವೈರುಗಳನ್ನೂ ಕೊಡುತ್ತಾರೆ. ಎರಡೂ ಏಕಕಾಲದಲ್ಲಿ ದುಡಿಯುತ್ತ, ಭಾರವನ್ನು ಸುಮಾರಾಗಿ ಅರ್ಧ ಅರ್ಧ ಹಂಚಿಕೊಳ್ಳುತ್ತವೆ. ಒಂದು ನಿಂತರೆ ಮತ್ತೊಂದು ಆ ಕ್ಷಣದಲ್ಲಿಯೇ ಪೂರ್ಣ ಭಾರವನ್ನು ಹೊರುತ್ತದೆ.

ಒಂದೇ ಕೊಂಬೆಯ ಉಯ್ಯಾಲೆ

ಉಯ್ಯಾಲೆಗೆ ಎರಡು ಹಗ್ಗಗಳಿರುತ್ತವೆ. ಆದರೆ ಎರಡನ್ನೂ ಕಟ್ಟಿರುವುದು ಒಂದೇ ಕೊಂಬೆಗೆ. ಕೊಂಬೆ ಮುರಿದರೆ ಹಗ್ಗಗಳು ಎಷ್ಟು ಗಟ್ಟಿಯಾಗಿದ್ದರೇನು? ನಾವು ನೋಡಿದ ಕೊಠಡಿಯಲ್ಲಿ ನಡೆದುದು ಇದೇ. ಎರಡು ವೈರುಗಳು ಬೋರ್ಡಿನ ತನಕ ಬೇರೆ ಬೇರೆಯಾಗಿದ್ದು, ಅಲ್ಲಿಂದ ಮುಂದೆ ಒಂದಾಗಿದ್ದುವು. ಸಾಕೆಟ್ಟು ಕೆಟ್ಟೊಡನೆ ಎರಡೂ ಒಟ್ಟಿಗೆ ಹೋದುವು. ಆದುದರಿಂದ ಸರ್ವರಿನ ಬೆನ್ನಿನಲ್ಲಿ ವೈರುಗಳನ್ನು ಎಣಿಸಿದರೆ ಸಾಲದು. ಪ್ರತಿಯೊಂದನ್ನೂ ಬೆರಳಿನಿಂದ ಅನುಸರಿಸಿಕೊಂಡು ಎಂ.ಸಿ.ಬಿ. ಪೆಟ್ಟಿಗೆಯವರೆಗೆ ಹೋಗಿ, ಎಲ್ಲಿಯೂ ಅವು ಕೂಡಿಲ್ಲವೆಂದು ಮನಗಾಣಬೇಕು. ಬೇರೆ ಸಾಕೆಟ್ಟು, ಬೇರೆ ಎಂ.ಸಿ.ಬಿ., ಸಾಧ್ಯವಾದರೆ ಬೇರೆ ಯು.ಪಿ.ಎಸ್., ಇವು ಎರಡನೆಯ ವೈರಿಗೆ ಸಲ್ಲತಕ್ಕವು. ಯು.ಪಿ.ಎಸ್. ಒಂದೇ ಇದ್ದಲ್ಲಿ ಒಂದು ವೈರನ್ನು ಅದಕ್ಕೂ ಮತ್ತೊಂದನ್ನು ನೇರವಾಗಿ ಗೋಡೆಯ ಸಾಕೆಟ್ಟಿಗೂ ಕೊಡುವುದುಂಟು. ಆಗ ಬೀದಿಯ ವಿದ್ಯುತ್ತು ಹೋದರೆ ಯು.ಪಿ.ಎಸ್. ಕಾಯುತ್ತದೆ, ಯು.ಪಿ.ಎಸ್. ಕೆಟ್ಟರೆ ಬೀದಿಯ ವಿದ್ಯುತ್ತು ಕಾಯುತ್ತದೆ.

ಆದರೆ ದಾರಿಗಳು ಬೇರೆಯಾದ ಮಾತ್ರಕ್ಕೆ ಕೆಲಸ ಮುಗಿಯಲಿಲ್ಲ. ಒಂದು ಲೆಕ್ಕವನ್ನು ನೋಡೋಣ. ಒಂದು ಕೊಠಡಿಯಲ್ಲಿ ಆರು ಸರ್ವರುಗಳಿವೆಯೆಂದೂ ಪ್ರತಿಯೊಂದೂ 690 ವಾಟ್ ಶಕ್ತಿಯನ್ನು ಬಳಸುತ್ತದೆಂದೂ ಇಟ್ಟುಕೊಳ್ಳೋಣ. 690ನ್ನು 230ರಿಂದ ಭಾಗಿಸಿದರೆ 3 ಆಂಪಿಯರ್. ಆರಕ್ಕೂ ಸೇರಿ 18 ಆಂಪಿಯರ್. ಎರಡು ದಾರಿಗಳಲ್ಲಿ ತಲಾ 9 ಆಂಪಿಯರ್ ಹರಿಯುತ್ತದೆ. ಪ್ರತಿ ದಾರಿಗೂ 10 ಆಂಪಿಯರಿನ ಎಂ.ಸಿ.ಬಿ. ಇದೆ. ಎಲ್ಲವೂ ಸರಿಯಾಗಿಯೇ ಇದೆಯೆಂದು ತೋರುತ್ತದೆ. ತಿಂಗಳುಗಟ್ಟಲೆ ಸರಿಯಾಗಿಯೇ ನಡೆಯುತ್ತದೆ. ಒಂದು ದಿನ ಮೊದಲನೆಯ ದಾರಿ ತಪ್ಪುತ್ತದೆ. ಒಡನೆಯೇ 18 ಆಂಪಿಯರೂ ಎರಡನೆಯ ದಾರಿಯ ಮೇಲೆ ಬೀಳುತ್ತದೆ. 10 ಆಂಪಿಯರಿನ ಎಂ.ಸಿ.ಬಿ. ಅದನ್ನು ತಾಳಲಾರದೆ ಸ್ವಲ್ಪ ಹೊತ್ತಿನಲ್ಲಿಯೇ ಬೀಳುತ್ತದೆ. ಆರು ಸರ್ವರುಗಳೂ ಕತ್ತಲಾಗುತ್ತವೆ. ನೆರವಿಗೆಂದು ಇಟ್ಟಿದ್ದ ದಾರಿಯು ಬೇಕಾದ ಗಳಿಗೆಯಲ್ಲಿಯೇ ಕೈಕೊಟ್ಟಿತು.

ಇದರಿಂದ ತಿಳಿಯುವ ನಿಯಮ ಸರಳವಾದುದು: ಎಲ್ಲವೂ ನೆಟ್ಟಗಿರುವ ದಿನಗಳಲ್ಲಿ ಯಾವ ದಾರಿಯ ಮೇಲೂ ಅದರ ಸಾಮರ್ಥ್ಯದ ಅರ್ಧಕ್ಕಿಂತ ಹೆಚ್ಚಿನ ಭಾರವಿರಕೂಡದು. ನೂರಕ್ಕೆ ನಲವತ್ತರಷ್ಟಿದ್ದರೆ ಇನ್ನೂ ಮೇಲು.

ಈ ಲೆಕ್ಕದಲ್ಲಿ ಮತ್ತೊಂದು ಸೂಕ್ಷ್ಮವುಂಟು. ಹಳೆಯ ತಂತುದೀಪಕ್ಕೆ ವೋಲ್ಟೇಜು ಇಳಿದರೆ ಅದು ಮಂಕಾಗಿ ಉರಿದು ಕಡಮೆ ಪ್ರವಾಹವನ್ನು ತೆಗೆದುಕೊಳ್ಳುತ್ತದೆ. ಸರ್ವರು ಹಾಗೆ ಮಾಡುವುದಿಲ್ಲ. ಅದರ ಪವರ್ ಸಪ್ಲೈಗೆ ಬೇಕಾದ ವಾಟುಗಳು ಬೇಕೇ ಬೇಕು. ವೋಲ್ಟೇಜು ಇಳಿದಷ್ಟೂ ಅದು ಪ್ರವಾಹವನ್ನು ಹೆಚ್ಚಾಗಿ ಸೆಳೆಯುತ್ತದೆ. 230 ವೋಲ್ಟಿನಲ್ಲಿ 3 ಆಂಪಿಯರ್ ಸೆಳೆಯುತ್ತಿದ್ದ ಯಂತ್ರವು 184 ವೋಲ್ಟಿಗೆ ಇಳಿದಾಗ 3.75 ಆಂಪಿಯರ್ ಸೆಳೆಯುತ್ತದೆ. ಊರಿನ ದೀಪಗಳು ಮಂಕಾಗುವ ಹೊತ್ತಿನಲ್ಲಿಯೇ ಸರ್ವರಿನ ವೈರುಗಳು ಹೆಚ್ಚು ಬಿಸಿಯಾಗುತ್ತವೆಂಬುದನ್ನು ಮರೆಯಬಾರದು.

ಸಾಕೆಟ್ಟು ಸುಟ್ಟ ಬಗೆ

ಇನ್ನು ಎರಡನೆಯ ಪ್ರಶ್ನೆ. ನಾವು ನೋಡಿದ ಸರ್ವರು 460 ವಾಟ್, ಅಂದರೆ 2 ಆಂಪಿಯರ್ ಬಳಸುತ್ತಿತ್ತು. 1200 ವಾಟಿನ ಕೆಟಲಿಗೆ ಸುಮಾರು 5.2 ಆಂಪಿಯರ್. ಒಟ್ಟು 7.2 ಆಂಪಿಯರ್. ಸಾಕೆಟ್ಟಿನ ಮಿತಿ 6 ಆಂಪಿಯರ್. ಅದರ ಹಿಂದಿನ ಎಂ.ಸಿ.ಬಿ.ಯಾದರೋ 16 ಆಂಪಿಯರಿನದು. ಎಂ.ಸಿ.ಬಿ.ಯು ಪ್ರವಾಹವನ್ನು ಮಾತ್ರ ಬಲ್ಲದು. ಅದರ ಎಣಿಕೆಯಲ್ಲಿ 7.2 ಎಂಬುದು 16ರ ಅರ್ಧಕ್ಕೂ ಕಡಮೆ. ಆದುದರಿಂದ ಅದು ಸುಮ್ಮನಿತ್ತು.

ಪ್ರವಾಹವು ರೋಧದಲ್ಲಿ ಹರಿದಾಗ ಹುಟ್ಟುವ ಶಾಖವು ಪ್ರವಾಹದ ವರ್ಗವನ್ನು ರೋಧದಿಂದ ಗುಣಿಸಿದಷ್ಟು. ಬಿಗಿಯಾಗಿ ಕುಳಿತ ಪ್ಲಗ್ಗಿನ ಸಂಪರ್ಕದ ರೋಧವನ್ನು 0.005 ಓಮ್ ಎಂದು ಹಿಡಿದರೆ, 7 ಆಂಪಿಯರಿನಲ್ಲಿ ಅಲ್ಲಿ ಹುಟ್ಟುವುದು ಕಾಲು ವಾಟ್. ಅದು ಕೈಗೆ ಗೊತ್ತಾಗುವುದೂ ಇಲ್ಲ. ಸಾಕೆಟ್ಟಿನೊಳಗಿನ ಹಿತ್ತಾಳೆಯ ಹಿಡಿಕೆ ಸಡಿಲವಾಗಿ ರೋಧವು 0.2 ಓಮಿಗೆ ಏರಿತೆನ್ನೋಣ. ಆಗ 49ನ್ನು 0.2ರಿಂದ ಗುಣಿಸಿದರೆ ಸುಮಾರು 10 ವಾಟ್. ಬಟಾಣಿಯ ಕಾಳಿನಷ್ಟು ಜಾಗದಲ್ಲಿ 10 ವಾಟ್ ಎಂದರೆ ರೇಡಿಯೋ ರಿಪೇರಿಯವರ ಸಣ್ಣ ಬೆಸುಗೆಯ ಕಡ್ಡಿಯ ತುದಿಯನ್ನು ಸಾಕೆಟ್ಟಿನೊಳಗೆ ಇಟ್ಟಂತೆಯೇ ಸರಿ. ಆ ಬಿಸಿಗೆ ಹಿಡಿಕೆ ಇನ್ನೂ ಸಡಿಲವಾಗುತ್ತದೆ, ಲೋಹದ ಮೇಲೆ ಕಿಲುಬು ಹತ್ತುತ್ತದೆ, ರೋಧ ಏರುತ್ತದೆ, ಶಾಖ ಮತ್ತಷ್ಟು ಹೆಚ್ಚುತ್ತದೆ. ಇಷ್ಟಾದರೂ ಪ್ರವಾಹ ಹೆಚ್ಚಿಲ್ಲವಾದ ಕಾರಣ ಎಂ.ಸಿ.ಬಿ. ಬೀಳುವುದಿಲ್ಲ. ಸಡಿಲ ಸಂಪರ್ಕವನ್ನು ಕಂಡುಹಿಡಿಯಬೇಕಾದವು ನಮ್ಮ ಕೈ, ಕಣ್ಣು, ಮೂಗುಗಳೇ: ಬೆಚ್ಚಗಾದ ಪ್ಲಗ್ಗು, ಕಂದಿದ ಸಾಕೆಟ್ಟು, ಸುಟ್ಟ ವಾಸನೆ.

ಆದಕಾರಣ ವೈರನ್ನು ಜೋಡಿಸುವ ಮೊದಲು ಅದರ ದಾರಿಯಲ್ಲಿರುವ ಪ್ರತಿಯೊಂದು ವಸ್ತುವಿನ ಮೇಲೆ ಅಚ್ಚಾಗಿರುವ ಅಂಕವನ್ನು ಓದತಕ್ಕದ್ದು. ನಮ್ಮ ದೇಶದ ಮೂರು ಕಡ್ಡಿಯ ಪ್ಲಗ್ಗುಗಳಲ್ಲಿ ಚಿಕ್ಕದು 6 ಆಂಪಿಯರಿನದು, ದೊಡ್ಡದು 16 ಆಂಪಿಯರಿನದು. ಜನರ ಬಾಯಲ್ಲಿ ಇವು ಇನ್ನೂ ‘ಐದು ಆಂಪ್ಸ್’, ‘ಹದಿನೈದು ಆಂಪ್ಸ್’ ಎಂದೇ ಉಳಿದಿವೆ. ಸರ್ವರಿನ ಕಡೆಯ ತುದಿಯೂ ಎರಡು ಬಗೆ. ಅಂತಾರಾಷ್ಟ್ರೀಯ ಮಾನಕದಲ್ಲಿ ಸಿ-13 ಎಂದು ಹೆಸರಾದುದು 10 ಆಂಪಿಯರಿಗೆ, ಅದಕ್ಕಿಂತ ದೊಡ್ಡದಾದ ಸಿ-19 ಎಂಬುದು 16 ಆಂಪಿಯರಿಗೆ. ವೈರಿನ ಒಂದು ತುದಿಯಲ್ಲಿ ಸಿ-13 ಇದ್ದು ಮತ್ತೊಂದು ತುದಿಯಲ್ಲಿ 6 ಆಂಪಿಯರಿನ ಪ್ಲಗ್ಗಿದ್ದರೆ ಆ ವೈರಿನ ಮಿತಿ 6 ಆಂಪಿಯರೇ ಹೊರತು 10 ಅಲ್ಲ. ದಾರಿಯಲ್ಲಿನ ಎಲ್ಲಕ್ಕಿಂತ ಚಿಕ್ಕ ಅಂಕವೇ ಇಡೀ ದಾರಿಯ ಅಂಕ. ಹಳೆಯ ಮಾನಿಟರಿನ ತೆಳ್ಳನೆಯ ವೈರು ಸರ್ವರಿಗೂ ಹೊಂದಿಕೊಳ್ಳುತ್ತದೆಂದು ಅದನ್ನು ಸಿಕ್ಕಿಸುವುದು ಈ ಕಾರಣದಿಂದಲೇ ತಪ್ಪು. ಒಂದು ಎಕ್ಸ್‌ಟೆನ್ಷನ್ ಬೋರ್ಡಿನಿಂದ ಇನ್ನೊಂದನ್ನು ಎಳೆಯುವುದೂ ಹಾಗೆಯೇ. ಪ್ರತಿಯೊಂದು ಹೊಸ ಸಂಪರ್ಕವೂ ಬಿಸಿಯಾಗಬಲ್ಲ ಹೊಸದೊಂದು ಸ್ಥಳ.

ಮೂರನೆಯ ಎಳೆ

ವೈರಿನೊಳಗೆ ಮೂರು ಎಳೆಗಳಿವೆ. ಕಂದು ಬಣ್ಣದ್ದು ಫೇಸ್, ನೀಲಿಯದು ನ್ಯೂಟ್ರಲ್, ಹಸುರು ಹಳದಿ ಗೆರೆಗಳದು ಅರ್ಥ್, ಎಂದರೆ ಭೂಸಂಪರ್ಕ. ಇಲ್ಲಿ ಒಂದು ಎಚ್ಚರಿಕೆಯನ್ನು ಹೇಳಲೇಬೇಕು. ನಮ್ಮ ಕಟ್ಟಡಗಳ ಮೂರು ಫೇಸಿನ ಗೋಡೆಯ ತಂತಿಗಳಲ್ಲಿ ಕೆಂಪು, ಹಳದಿ, ನೀಲಿ ಇವು ಮೂರು ಫೇಸುಗಳು, ಕಪ್ಪು ನ್ಯೂಟ್ರಲ್. ವೈರಿನಲ್ಲಿ ನಿರಪಾಯವಾದ ನೀಲಿಯು ಗೋಡೆಯಲ್ಲಿ ಪ್ರಾಣಾಂತಿಕವಾಗಬಹುದು. ಬಣ್ಣವನ್ನು ನಂಬಿ ಸಾಕೆಟ್ಟನ್ನು ಬಿಚ್ಚುವ ಕೆಲಸವನ್ನು ಪರವಾನಗಿ ಪಡೆದ ಕೆಲಸಗಾರರಿಗೇ ಬಿಡುವುದು ಲೇಸು.

ಯಂತ್ರ ನಡೆಯಲು ಮೊದಲೆರಡು ಎಳೆಗಳೇ ಸಾಕು. ಮೂರನೆಯದು ಕಡಿದುಹೋಗಿದ್ದರೂ ಸರ್ವರು ಎಂದಿನಂತೆಯೇ ಓಡುತ್ತದೆ. ಅಪಾಯವಿರುವುದೂ ಅಲ್ಲಿಯೇ. ಪವರ್ ಸಪ್ಲೈಯಿಂದ ಹೊರಡುವ ವಿದ್ಯುತ್ಕಲಕನ್ನು ತಡೆಯಲು ಅದರ ಬಾಯಲ್ಲಿ ಎರಡು ಸಣ್ಣ ಕಂಡೆನ್ಸರುಗಳನ್ನು ಇಟ್ಟಿರುತ್ತಾರೆ: ಒಂದು ಫೇಸಿನಿಂದ ಲೋಹದ ಚೌಕಟ್ಟಿಗೆ, ಮತ್ತೊಂದು ನ್ಯೂಟ್ರಲಿನಿಂದ ಚೌಕಟ್ಟಿಗೆ. ಭೂಸಂಪರ್ಕ ಸರಿಯಾಗಿದ್ದಾಗ ಇವುಗಳಲ್ಲಿ ಸೋರುವ ಅತ್ಯಲ್ಪ ಪ್ರವಾಹವು ಮೂರನೆಯ ಎಳೆಯ ಮೂಲಕ ನೆಲವನ್ನು ಸೇರುತ್ತದೆ. ಆ ಎಳೆ ಕಡಿದಿದ್ದರೆ ಚೌಕಟ್ಟು ಎರಡು ಸಮಾನ ಕಂಡೆನ್ಸರುಗಳ ನಡುವೆ ತೂಗಾಡುತ್ತ 230ರ ಅರ್ಧವಾದ 115 ವೋಲ್ಟಿಗೆ ಏರಿ ನಿಲ್ಲುತ್ತದೆ. ಮುಟ್ಟಿದವರ ದೇಹವೇ ಆಗ ನೆಲಕ್ಕೆ ದಾರಿಯಾಗುತ್ತದೆ. ಕೊಠಡಿಯ ಸಹಾಯಕರಿಗೆ ತಿಂಗಳುಗಟ್ಟಲೆ ಜುಮ್ಮೆಂದುದು ಇದರಿಂದಲೇ. ಪರೀಕ್ಷಿಸಿದಾಗ ಎಕ್ಸ್‌ಟೆನ್ಷನ್ ಬೋರ್ಡಿನ ಪ್ಲಗ್ಗಿನೊಳಗೆ ಅರ್ಥ್ ಎಳೆಯು ತಿರುಪಿನಿಂದ ಕಳಚಿಕೊಂಡಿದ್ದುದು ಕಂಡುಬಂದಿತು.

ಕಂಡೆನ್ಸರಿನಿಂದ ಬರುವ ಪ್ರವಾಹ ಒಂದು ಯಂತ್ರದಲ್ಲಿ ಬಹಳ ಕಡಮೆ. 4700 ಪಿಕೋಫ್ಯಾರಡಿನ ಕಂಡೆನ್ಸರಿಗೆ ಸುಮಾರು 0.34 ಮಿಲಿಆಂಪಿಯರ್. ಅದಷ್ಟೇ ಆಗಿದ್ದರೆ ಕೊಲ್ಲಲಾರದು. ಆದರೆ ಆ ಜುಮ್ಮೆನ್ನುವಿಕೆ ಒಂದು ಮುನ್ಸೂಚನೆ. ನಾಳೆ ಪೆಟ್ಟಿಗೆಯೊಳಗೆ ಫೇಸಿನ ತಂತಿಯೇ ಚೌಕಟ್ಟನ್ನು ತಾಕಿದರೆ ಅದನ್ನು ನೆಲಕ್ಕೆ ಒಯ್ಯುವ ದಾರಿ ಇಲ್ಲವೆಂದು ಅದು ಸಾರುತ್ತಿದೆ. ಆಗ ಚೌಕಟ್ಟಿನಲ್ಲಿ ಪೂರ್ಣ 230 ವೋಲ್ಟಿದ್ದರೂ ಸರ್ವರು ಓಡುತ್ತಲೇ ಇರಬಹುದು.

ವೈರಿನ ಅರ್ಥ್ ಸರಿಯಾಗಿದ್ದು ಹಿತ್ತಲಿನ ಅರ್ಥ್ ಗುಂಡಿ ಸರಿಯಿಲ್ಲದಿದ್ದರೂ ಅಪಾಯವೇ. ಗುಂಡಿಯ ರೋಧ 5 ಓಮ್ ಇದ್ದರೆ, ಫೇಸು ಚೌಕಟ್ಟನ್ನು ತಾಕಿದಾಗ 46 ಆಂಪಿಯರ್ ಹರಿದು 16 ಆಂಪಿಯರಿನ ಎಂ.ಸಿ.ಬಿ. ಬೀಳುತ್ತದೆ. ಬೇಸಗೆಯಲ್ಲಿ ನಮ್ಮ ಕೆಂಪು ಮಣ್ಣು ಒಣಗಿ ರೋಧವು 50 ಓಮಿಗೆ ಏರಿತೆನ್ನೋಣ. ಆಗ ಹರಿಯುವುದು 4.6 ಆಂಪಿಯರ್ ಮಾತ್ರ. ಎಂ.ಸಿ.ಬಿ. ಬೀಳುವುದಿಲ್ಲ, ಚೌಕಟ್ಟು ಜೀವಂತವಾಗಿಯೇ ಉಳಿಯುತ್ತದೆ. ಇದ್ದಿಲು, ಉಪ್ಪು ತುಂಬಿದ ಅರ್ಥ್ ಗುಂಡಿಗೆ ಮಾವಿನ ಮಳೆ ಬರುವವರೆಗೆ ನೀರು ಹೊಯ್ಯುತ್ತಿರಬೇಕೆಂದು ಹಿರಿಯ ಕೆಲಸಗಾರರು ಹೇಳುವುದರಲ್ಲಿ ಇಂಥ ಶಾಸ್ತ್ರವಿದೆ. ಇದರ ಜೊತೆಗೆ 30 ಮಿಲಿಆಂಪಿಯರ್ ಸೋರಿದೊಡನೆಯೇ ಬೀಳತಕ್ಕ ಆರ್.ಸಿ.ಸಿ.ಬಿ. ಎಂಬ ಉಪಕರಣವನ್ನೂ ಹಾಕಿಸಬೇಕು. ಅದು 15 ಮಿಲಿಆಂಪಿಯರಿನಿಂದ ಮೇಲೆ ಯಾವಾಗ ಬೇಕಾದರೂ ಬೀಳಬಹುದಾದುದರಿಂದ, ತಲಾ ಒಂದೊಂದು ಮಿಲಿಆಂಪಿಯರ್ ಸೋರುವ ಇಪ್ಪತ್ತು ಪವರ್ ಸಪ್ಲೈಗಳನ್ನು ಒಂದೇ ಆರ್.ಸಿ.ಸಿ.ಬಿ.ಗೆ ಸೇರಿಸಿದರೆ ಕಾರಣವಿಲ್ಲದೆ ಬಿದ್ದಂತೆ ಕಾಣುತ್ತದೆ. ಅದನ್ನು ತೆಗೆದುಹಾಕುವುದು ಪರಿಹಾರವಲ್ಲ. ಯಂತ್ರಗಳನ್ನು ಹಲವು ದಾರಿಗಳಿಗೆ ಹಂಚುವುದೇ ಪರಿಹಾರ.

ಮೂರು ಕಡ್ಡಿಯ ಪ್ಲಗ್ಗಿನಲ್ಲಿ ಅರ್ಥ್ ಕಡ್ಡಿಯು ಉಳಿದೆರಡಕ್ಕಿಂತ ದಪ್ಪವಾಗಿಯೂ ಉದ್ದವಾಗಿಯೂ ಇರುವುದನ್ನು ವಾಚಕರು ಗಮನಿಸಿರಬಹುದು. ದಪ್ಪವಾಗಿರುವುದರಿಂದ ಅದು ಬೇರೆ ತೂತಿಗೆ ಹೋಗದು. ಉದ್ದವಾಗಿರುವುದರಿಂದ ಸಿಕ್ಕಿಸುವಾಗ ಎಲ್ಲಕ್ಕಿಂತ ಮೊದಲು ಕೂಡಿ, ಕೀಳುವಾಗ ಎಲ್ಲಕ್ಕಿಂತ ಕಡೆಗೆ ಬಿಡುತ್ತದೆ. ಎರಡು ತೂತಿನ ಸಾಕೆಟ್ಟಿಗೆ ಹೊಂದಿಸಲು ಇದನ್ನು ಮುರಿಯುವವನು ಕಾವಲುಗಾರನನ್ನು ಮನೆಯಿಂದಾಚೆಗೆ ಅಟ್ಟಿದಂತೆ.

ಜೋಡಿಸುವ ಕ್ರಮ

ಇಷ್ಟನ್ನು ತಿಳಿದಮೇಲೆ ಕ್ರಮವು ತಾನಾಗಿಯೇ ಸ್ಪಷ್ಟವಾಗುತ್ತದೆ. ಕೈ ಒಣಗಿರಲಿ. ಸಾಕೆಟ್ಟಿನ ಸ್ವಿಚ್ಚು ಆರಿರಲಿ; ಉರಿಯುವ ಸ್ವಿಚ್ಚಿಗೆ ಪ್ಲಗ್ಗು ಚುಚ್ಚಿದರೆ ಕಿಡಿ ಹಾರಿ ಲೋಹದ ಮೈ ಸವೆಯುತ್ತದೆ. ಮೊದಲು ವೈರಿನ ತುದಿಯನ್ನು ಸರ್ವರಿನ ಬೆನ್ನಿನಲ್ಲಿ ಕೊನೆಯವರೆಗೂ ಒತ್ತಿ ಕೂರಿಸಬೇಕು. ಎಳೆದಾಗ ಜಾರದಂತೆ ಅಲ್ಲಿರುವ ಕೊಕ್ಕೆಗೆ ಸಿಕ್ಕಿಸಬೇಕು. ಬಳಿಕ ಪ್ಲಗ್ಗನ್ನು ಸಾಕೆಟ್ಟಿಗೆ ಹಾಕಿ ಸ್ವಿಚ್ಚನ್ನು ಒತ್ತಬೇಕು. ಆ ಪವರ್ ಸಪ್ಲೈಯ ಸಣ್ಣ ದೀಪ ಹೊತ್ತಿದುದನ್ನು ನೋಡಿದಮೇಲೆಯೇ ಎರಡನೆಯ ವೈರಿನ ಕೆಲಸ. ಎರಡು ವೈರುಗಳಿಗೂ ಬೇರೆ ಬೇರೆ ಬಣ್ಣದ ಚೀಟಿಗಳನ್ನು ಅಂಟಿಸಿ, ಯಾವುದು ಯಾವ ಎಂ.ಸಿ.ಬಿ.ಯದೆಂದು ಬರೆದಿಡುವುದು ಉತ್ತಮ. ಉಳಿದ ಉದ್ದವನ್ನು ಬಿಗಿಯಾಗಿ ಸುತ್ತಿಡಬಾರದು. ಸುರುಳಿಯ ಒಳಗಿನ ಬಿಸಿಗೆ ಹೊರಗೆ ಹೋಗಲು ದಾರಿಯಿರದು.

ಎರಡು ವೈರುಗಳು ಬೇರೆ ಬೇರೆ ಫೇಸುಗಳಿಂದ ಬಂದಿದ್ದರೆ ಯಂತ್ರಕ್ಕೆ ತೊಂದರೆಯಿಲ್ಲ. ಪ್ರತಿಯೊಂದು ಪವರ್ ಸಪ್ಲೈಯ ಒಳಗಿನ ಟ್ರಾನ್ಸ್‌ಫಾರ್ಮರು ಫೇಸನ್ನು ಒಳಗಿನಿಂದ ಬೇರ್ಪಡಿಸಿರುತ್ತದೆ. ಒಂದಾಗುವುದು 12 ವೋಲ್ಟಿನ ಏಕಮುಖ ಪ್ರವಾಹ ಮಾತ್ರ. ಮನುಷ್ಯನಿಗಾದರೋ ಎಚ್ಚರ ಬೇಕು, ಏಕೆಂದರೆ ಎರಡು ಫೇಸುಗಳ ನಡುವೆ ಸುಮಾರು 400 ವೋಲ್ಟು ಇರುತ್ತದೆ.

ವೈರನ್ನು ಕೀಳುವಾಗ ಪ್ಲಗ್ಗನ್ನು ಹಿಡಿದು ಕೀಳಬೇಕೇ ಹೊರತು ವೈರನ್ನು ಎಳೆಯಕೂಡದು. ಮತ್ತೊಂದರ ದೀಪ ಹೊತ್ತಿದೆಯೆಂದು ನೋಡಿಕೊಂಡೇ ಒಂದನ್ನು ಕೀಳಬೇಕು. ಆದರೆ ಯಂತ್ರದ ಮುಚ್ಚಳವನ್ನು ತೆರೆಯುವ ಪ್ರಸಂಗ ಬಂದರೆ ಎರಡೂ ವೈರುಗಳನ್ನು ಕಿತ್ತಿರಬೇಕು. ಒಂದನ್ನು ಕಿತ್ತು ‘ವಿದ್ಯುತ್ತು ಹೋಯಿತು’ ಎಂದುಕೊಂಡವನಿಗೆ ಎರಡನೆಯ ವೈರು ಮರೆತುಹೋಗುವುದು ಸುಲಭ. ಪವರ್ ಸಪ್ಲೈಯ ಪೆಟ್ಟಿಗೆಯನ್ನಂತೂ ಬಿಚ್ಚಲೇಬಾರದು. ವೈರು ಕಿತ್ತ ಮೇಲೂ ಅದರ ಕಂಡೆನ್ಸರಿನಲ್ಲಿ ಅಪಾಯಕರವಾದ ವಿದ್ಯುದಂಶ ಸ್ವಲ್ಪ ಕಾಲ ಉಳಿದಿರುತ್ತದೆ. ವಿದ್ಯುತ್ತು ಹೋಗಿ ಬಂದಾಗ ಹಲವು ಸರ್ವರುಗಳನ್ನು ಒಟ್ಟಿಗೆ ಹಚ್ಚುವುದೂ ಸರಿಯಲ್ಲ. ಬರಿದಾದ ಕಂಡೆನ್ಸರುಗಳೆಲ್ಲ ಒಂದೇ ಕ್ಷಣದಲ್ಲಿ ತುಂಬಿಕೊಳ್ಳಲು ಹೊರಟು ಎಂ.ಸಿ.ಬಿ.ಯನ್ನು ಬೀಳಿಸಬಹುದು. ಒಂದಾದ ಮೇಲೊಂದನ್ನು ಹಚ್ಚಬೇಕು.

ನಾವು ಮತ್ತೆ ಆ ಕೊಠಡಿಗೆ ಹೋದಾಗ ಗೋಡೆಯಲ್ಲಿ 16 ಆಂಪಿಯರಿನ ಎರಡು ಹೊಸ ಸಾಕೆಟ್ಟುಗಳಿದ್ದುವು. ಪ್ರತಿಯೊಂದಕ್ಕೂ ಅದರದೇ ಎಂ.ಸಿ.ಬಿ. ಇತ್ತು. ಒಂದು ವೈರು ಯು.ಪಿ.ಎಸ್.ಗೂ ಮತ್ತೊಂದು ನೇರವಾಗಿ ಗೋಡೆಗೂ ಹೋಗಿತ್ತು. ಕೆಟಲು ಪಕ್ಕದ ಕೋಣೆಗೆ ಹೋಗಿತ್ತು. ಸಹಾಯಕರು ನಮ್ಮ ಮುಂದೆಯೇ ಒಂದು ಸ್ವಿಚ್ಚನ್ನು ಆರಿಸಿದರು. ಒಂದು ಸಣ್ಣ ದೀಪ ಆರಿತು; ಯಂತ್ರ ನಿಲ್ಲಲಿಲ್ಲ. ಆ ಸ್ವಿಚ್ಚನ್ನು ಹಚ್ಚಿ, ಎರಡನೆಯದನ್ನು ಆರಿಸಿದರು, ಆಗಲೂ ನಿಲ್ಲಲಿಲ್ಲ. ಸರ್ವರ್ ಇರುವ ಎಲ್ಲ ಕಡೆಗಳಲ್ಲಿಯೂ ಬಿಡುವಿನ ದಿನವೊಂದರಲ್ಲಿ, ಕಡತಗಳ ಪ್ರತಿಯನ್ನು ತೆಗೆದಿಟ್ಟುಕೊಂಡು, ಈ ಪರೀಕ್ಷೆಯನ್ನು ಮಾಡಿ ನೋಡತಕ್ಕದ್ದು. ಬಳಿಕ ಅವರು ಚೌಕಟ್ಟಿನ ಮೇಲೆ ಕೈಯಿಟ್ಟರು. “ಈಗ ಜುಮ್ಮನ್ನೋದಿಲ್ಲ ಸಾರ್” ಎಂದರು.